ಅಪ್‌ಡೇಟ್: ಕೆಲಸ ಬಿಡಲೇ ಎಂದು ಕೇಳಿದ್ದೆನಲ್ಲ

ಮೂರು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ: ಪೋಕ್ಸೊ ಪ್ರಕರಣಗಳ ಮಕ್ಕಳಿಗೆ ಆಪ್ತಸಮಾಲೋಚನೆ ಮಾಡುತ್ತೇನೆ, ಈಗೀಗ ನನ್ನ ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸುವುದಕ್ಕೂ ಭಯ, ಕೆಲಸ ಬಿಟ್ಟುಬಿಡಲೇ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಋಣಿ. ಬಿಟ್ಟಿಲ್ಲ.

"ಇದು ಬರೀ ಸುಸ್ತಲ್ಲ ಮೇಡಂ" ಎಂದು ಒಬ್ಬರು ಬರೆದಿದ್ದರು. ಆ ಮಾತು ಹಿಡಿದು, ನಮ್ಮಂತೆ ನೊಂದವರ ಜೊತೆ ಕೆಲಸ ಮಾಡುವವರ ಮೇಲೆ ಆ ಕೆಲಸದ ಪರಿಣಾಮ ಅಳೆಯುವ ಪ್ರೊಕ್ವಾಲ್ ಪ್ರಶ್ನಾವಳಿಯ 30 ಪ್ರಶ್ನೆ ತುಂಬಿದೆ. ಬರ್ನ್‌ಔಟ್, ಅಂದರೆ ಕೆಲಸದಿಂದಾಗುವ ಬಳಲಿಕೆಯ ಅಂಕ ಮಧ್ಯಮ. ಬೇರೆಯವರ ಆಘಾತದಿಂದ ನಮಗೆ ಅಂಟುವ ಒತ್ತಡದ ಅಂಕ ಮಾತ್ರ ಮೇಲಿತ್ತು. ಹೊರೆಯ ಸುಸ್ತು ಕೆಲಸ ಕಡಿಮೆಯಾದರೆ ಇಳಿದೀತು. ನನ್ನದು ವಾರ ಊರಿಗೆ ಹೋಗಿ ಬಂದರೂ ಇಳಿದಿರಲಿಲ್ಲ. ಲೋಕವನ್ನು ನೋಡುವ ಕಣ್ಣೇ ಬದಲಾಗಿತ್ತು. 1990ರಲ್ಲಿ ಮನೋವಿಜ್ಞಾನಿಗಳಾದ ಮೆಕ್ಯಾನ್ ಮತ್ತು ಪರ್ಲ್‌ಮನ್ ಇದಕ್ಕೆ 'ವಿಕೇರಿಯಸ್ ಟ್ರಾಮಟೈಸೇಷನ್' ಎಂದು ಹೆಸರಿಟ್ಟಾಗ ಹೇಳಿದ್ದೂ ಇದನ್ನೇ.

ನಮ್ಮ ಕೆಲಸವನ್ನೂ ಅದು ನಮ್ಮ ಮೇಲೆ ಮಾಡುವ ಪರಿಣಾಮವನ್ನೂ ಹಿರಿಯರೊಬ್ಬರ ಜೊತೆ ಮಾತಾಡುವುದು ಸೂಪರ್‌ವಿಷನ್. ನಮ್ಮ ಸಂಸ್ಥೆಯಲ್ಲಿ ಅದೆಂದರೆ ಬರೀ ಫೈಲ್ ತಪಾಸಣೆ. ಹಾಗಾಗಿ ಹೊರಗಿನ ಹಿರಿಯ ಸೈಕಾಲಜಿಸ್ಟ್ ಒಬ್ಬರ ಹತ್ತಿರ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೇನೆ. ಮೊದಲ ದಿನ ಅವರು ಕೇಸಿನ ವಿಷಯ ಎತ್ತಲೇ ಇಲ್ಲ. "ಆ ಮಗು ಮಾತಾಡುವಾಗ ನಿನಗೆ ಮೈಯಲ್ಲಿ ಎಲ್ಲಿ ಬಿಗಿಯಿತಮ್ಮಾ?" ಎಂದರು. ಗಂಟಲು ಅಂದೆ, ಅತ್ತುಬಿಟ್ಟೆ.

ಕೋಆರ್ಡಿನೇಟರ್ ಜೊತೆ ವಾದ ಮಾಡಿ ದಿನಕ್ಕೆ ಪೋಕ್ಸೊ ಮಕ್ಕಳ ಎರಡೇ ಸೆಷನ್, ನಡುವೆ ಅರ್ಧ ಗಂಟೆ ಬಿಡುವು ಎಂದು ಒಪ್ಪಿಸಿದೆ. ಇಷ್ಟಕ್ಕೂ ವಾದ ಮಾಡಬೇಕಾಯಿತಲ್ಲ ಎಂಬ ನೋವಿದೆ. ಯೋಗ ಮಾಡಿ ಎಂದು ನಮಗೆ ಹೇಳುವ ಮೊದಲು ಕೇಸು ಹಂಚುವ ರೀತಿ ಸರಿಯಾಗಬೇಕು.

ನಿದ್ದೆ ಇನ್ನೂ ಪೂರ್ತಿ ಬರುತ್ತಿಲ್ಲ. ಆದರೆ ಕಳೆದ ಭಾನುವಾರ ಮಗಳು ಪಕ್ಕದ ಮನೆಯಲ್ಲಿ ಎರಡು ಗಂಟೆ ಆಡಿದಳು. ನಾನು ಕಿಟಕಿ ಹತ್ತಿರ ನಿಲ್ಲದೆ, ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.