ತೂಕದ ಬ್ಯಾಗ್ ಹೊತ್ತು ಅಂಜನಾದ್ರಿ: ಎಷ್ಟು ಕೆಜಿಯಿಂದ ಶುರು ಮಾಡ್ಲಿ?

ಪ್ರಶ್ನೆ: ಇನ್ನೆರಡು ತಿಂಗಳಿಗೆ ಹಿಮಾಲಯ ಚಾರಣ ಐತಿ. ಬ್ಯಾಗ್ 12 ಕೆಜಿ, ನನ್ನ ತೂಕ 70. ಆನೆಗುಂದಿ ಹತ್ರದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲಲ್ಲೇ ತಯಾರಿ. ಡಂಬೆಲ್ ತುಂಬಲೇನ್ರಿ?

ಉತ್ತರ 1: ಬ್ಯಾಡ್ರಿ, ಅದು ತಳಕ್ಕ ಜಾರಿ ಹಿಂದಕ್ಕ ಜಗ್ತದ. ಜೋಳದ ಚೀಲ ಟವೆಲ್‌ನಾಗ ಸುತ್ತಿ, ಭುಜದ ಎಲುಬುಗಳ ನಡುವೆ ಬೆನ್ನಿಗೆ ಅಂಟಿದಂಗ ಇಡ್ರಿ. 6 ಕೆಜಿಯಿಂದ ಶುರು, ವಾರಕ್ಕ 1 ಕೆಜಿ ಏರಿಸ್ರಿ. ವಾರಕ್ಕ ಮೂರೇ ದಿನ.

ಉತ್ತರ 2: ಮೊಣಕಾಲು ಕೆಡೋದು ಇಳಿಯುವಾಗ. ಅರ್ಧ ತೂಕ ನೀರಿನ ಬಾಟಲಿ ಇರ್ಲಿ (ಲೀಟರಿಗೆ ಒಂದು ಕೆಜಿ), ಮ್ಯಾಲೆ ಗಿಡಕ್ಕ ಸುರುವಿ ಇಳೀರಿ. ಸೊಂಟದ ಪಟ್ಟಿ ಹೊಟ್ಟಿಗಲ್ಲ, ನಡದ ಎಲುಬಿನ ಮ್ಯಾಲೆ ಬಿಗೀರಿ. ಬೆರಳು ಜುಮ್ಮಂದ್ರ ಭುಜದ ಪಟ್ಟಿ ಬಿಗಿಯಾಗೇತಿ ಅಂತ ತಿಳೀರಿ.

ಉತ್ತರ 3: ಶನಿವಾರ ಮಾತ್ರ ಹೋಗಬ್ಯಾಡ್ರಿ. ಹನುಮಪ್ಪನ ಭಕ್ತರ ಗದ್ದಲದಾಗ ಒಂದೇ ಲಯದಾಗ ಹತ್ತಾಕ ಆಗಂಗಿಲ್ಲ.