ಡ್ಯುಯಲ್ 1219: ಸ್ಟ್ರೋಬ್ ಸರಿ ಅನ್ನುತ್ತೆ, ಕಿವಿ ಒಪ್ಪಲ್ಲ

ಹೊಸಮುಳ್ಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಅಮೆರಿಕದಲ್ಲಿದ್ದಾಗ ಕೊಂಡಿದ್ದ ಡ್ಯುಯಲ್ 1219 ಟರ್ನ್‌ಟೇಬಲ್ ಈಗ ನನ್ನ ಕೈಗೆ ಬಂದಿದೆ. ಬಹಳ ವರ್ಷ ಅಟ್ಟದ ಮೇಲೆ ಇತ್ತು. ಧೂಳು ಒರೆಸಿ, 110 ವೋಲ್ಟಿನದ್ದಾದ್ದರಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟ್ ಕೊಟ್ಟೆ. ಪ್ಲಾಟರ್ (ರೆಕಾರ್ಡ್ ಕೂರುವ ಚಕ್ರ) ತಿರುಗಿತು, ಹಾಡೂ ಬಂತು. ಆದರೆ ಹೆಣ್ಣು ದನಿ ಗಂಡು ದನಿಯ ಹಾಗೆ, ಎಲ್ಲವೂ ತೂಕಡಿಸಿಕೊಂಡು ಬರುತ್ತಿದೆ.

ತಲೆ ಕೆಡಿಸುತ್ತಿರುವುದು ಏನೆಂದರೆ, ಯಂತ್ರದ ಜೊತೆಗೇ ವೇಗ ಪರೀಕ್ಷಿಸಲು ಸುತ್ತಲೂ ಗೆರೆ ಮುದ್ರಿಸಿದ ಒಂದು ಸ್ಟ್ರೋಬ್ ಕಾಗದದ ತಟ್ಟೆ ಸಿಕ್ಕಿತ್ತು. ಅದನ್ನು ಮೇಲಿಟ್ಟು ಹಳೆ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ 33ರ (ನಿಮಿಷಕ್ಕೆ 33⅓ ಸುತ್ತಿನ) ಗೆರೆಗಳು ಹೆಚ್ಚುಕಡಿಮೆ ನಿಂತೇ ಕಾಣುತ್ತವೆ. ಅಂದರೆ ವೇಗ ಸರಿ ಇದೆ ಎಂದಾಯಿತಲ್ಲ? ಕಿವಿ ಮಾತ್ರ ಒಪ್ಪುತ್ತಿಲ್ಲ. ರೇಡಿಯೋ ರಿಪೇರಿ ಮಾಡುವ ಒಬ್ಬರಿಗೆ ತೋರಿಸಿದೆ, ಮೋಟಾರ್ ಹೋಗಿದೆ, ಬದಲಾಯಿಸಬೇಕು ಅಂದರು.

ಇನ್ನೆರಡು ತೊಂದರೆ. ಸ್ಟಾರ್ಟ್ ಒತ್ತಿದರೆ ಮುಳ್ಳಿರುವ ತೋಳು ಮೇಲೇಳುತ್ತದೆ, ಆದರೆ ರೆಕಾರ್ಡಿನ ಕಡೆ ಬರದೆ ಅಲ್ಲೇ ಇಳಿಯುತ್ತದೆ. ಕೈಯಿಂದ ಇಟ್ಟರೆ ನುಡಿಸುತ್ತದೆ. ಮತ್ತೆ ಎಡ ಚಾನೆಲ್ ಬಂದು ಹೋಗಿ ಮಾಡುತ್ತದೆ. ಮೋಟಾರ್ ಹುಡುಕುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು.

ಬೆಲ್ಟ್‌ಡ್ರೈವ್ ಬರೆದದ್ದು:

ಹಳೇ ಎಣ್ಣೆ ಗಟ್ಟಿಯಾಗಿರುತ್ತೆ ಸರ್. ಮೋಟಾರ್ ಬಿಚ್ಚಿ ತೊಳೆದು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಮೋಟಾರಿಗೂ ಪ್ಲಾಟರಿಗೂ ನಡುವೆ ತಿರುಗುವ ರಬ್ಬರ್ ಗಾಲಿಯೂ ಇಷ್ಟು ವರ್ಷಕ್ಕೆ ಕಲ್ಲಾಗಿರುತ್ತೆ, ಹೊಸದು ತರಿಸಿಬಿಡಿ. ಸ್ಟ್ರೋಬ್ ತಟ್ಟೆ ನಂಬಬೇಡಿ.

ಐಡ್ಲರ್‌ಹಳಬ ಬರೆದದ್ದು:

ಸ್ಟ್ರೋಬ್ ತಟ್ಟೆಯನ್ನು ನಂಬಿ. ಅದು ನಿಜವನ್ನೇ ಹೇಳುತ್ತಿದೆ, ಆದರೆ ಬೇರೆ ಊರಿನ ನಿಜ. ಏನನ್ನೂ ಬಿಚ್ಚುವ ಮುಂಚೆ ದಯವಿಟ್ಟು ಒಂದು ಕೆಲಸ ಮಾಡಿ. ಪ್ಲಾಟರ್ ಅಂಚಿಗೆ ಒಂದು ಚೂರು ಬಿಳಿ ಕಾಗದ ಅಂಟಿಸಿ. ವೇಗ ಸ್ವಲ್ಪ ಹೆಚ್ಚುಕಡಿಮೆ ಮಾಡುವ ಪಿಚ್ ಗುಂಡಿಯನ್ನು ನಡುಮಧ್ಯೆ ಇಟ್ಟು, ರೆಕಾರ್ಡ್ ಹಾಕಿ, ಮುಳ್ಳು ಕೂರಿಸಿ, ಮೂರು ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿ. ಸರಿಯಾದ 33⅓ ಇದ್ದರೆ ಸರಿಯಾಗಿ 100 ಬರಬೇಕು. ಒಮ್ಮೆ ತಣ್ಣಗಿರುವಾಗ, ಒಮ್ಮೆ ಅರ್ಧ ಗಂಟೆ ಓಡಿಸಿದ ಮೇಲೆ ಎಣಿಸಿ, ಎರಡೂ ಸಂಖ್ಯೆ ಬರೆಯಿರಿ. ಸ್ಟ್ರೋಬ್ ತಟ್ಟೆಯಲ್ಲಿ 33ರ ಸಾಲಿನಲ್ಲಿ ಎಷ್ಟು ಗೆರೆ ಇದೆ, ಪಕ್ಕದಲ್ಲಿ ಏನು ಮುದ್ರಿಸಿದ್ದಾರೆ, ಅದನ್ನೂ ನೋಡಿ ಹೇಳಿ.

ಹೊಸಮುಳ್ಳು:

ಎಣಿಸಿದೆ ಸರ್. ತಣ್ಣಗಿದ್ದಾಗ 83, ಬಿಸಿಯಾದ ಮೇಲೂ 83, ಮೇಲೊಂದು ಸ್ವಲ್ಪ. ತಟ್ಟೆಯ ಮೇಲೆ "60 ಸೈಕಲ್" ಅಂತಿದೆ. ಗೆರೆ 216.

ಐಡ್ಲರ್‌ಹಳಬ:

ನಿಮ್ಮ ಮೋಟಾರ್ ಹೋಗಿಲ್ಲ. ತುಂಬ ಚೆನ್ನಾಗಿದೆ. ಬದಲಾಯಿಸಲು ಹೇಳಿದವರ ಮಾತು ಬಿಟ್ಟುಬಿಡಿ.

100ರ ಜಾಗದಲ್ಲಿ 83 ಮತ್ತು ಸ್ವಲ್ಪ ಅಂದರೆ ಆರರಲ್ಲಿ ಐದು ಭಾಗ. 60 ಹರ್ಟ್ಸ್‌ನಲ್ಲಿ 50 ಕೂಡ ಆರರಲ್ಲಿ ಐದು ಭಾಗವೇ. ಈ ಮೋಟಾರಿನ ವೇಗ ಲೈನಿನ ಫ್ರೀಕ್ವೆನ್ಸಿಗೆ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವುದಕ್ಕೆ, ಕಟ್ಟಿಹಾಕಿದ್ದು; ಅದನ್ನೇ ಹರ್ಟ್ಸ್ ಅನ್ನುವುದು, ಹಳೆ ಮಾತಿನಲ್ಲಿ ಸೈಕಲ್. ಅಮೆರಿಕದ ಲೈನು 60 ಹರ್ಟ್ಸ್, ನಿಮ್ಮ ಮನೆಯದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಅರ್ಧಕ್ಕೆ ಇಳಿಸುತ್ತದೆಯೇ ಹೊರತು ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಹೊರಗಿನಿಂದ ಬಂದ ಯಂತ್ರಗಳಲ್ಲಿ ಎಷ್ಟೋ ಒಳ್ಳೆ ಮೋಟಾರುಗಳು ಇದೊಂದು ಕಾರಣಕ್ಕೆ "ಹೋಗಿದೆ" ಅನ್ನಿಸಿಕೊಂಡು ಗುಜರಿ ಸೇರುತ್ತವೆ. ನನಗೆ ಸಂಕಟವಾಗುವುದು ಅಲ್ಲೇ. ಮೂರು ನಿಮಿಷ ಕೂತು ಎಣಿಸಿದರೆ ಸಾಕಿತ್ತು.

ಈಗ ಸ್ಟ್ರೋಬ್ ಲೆಕ್ಕ. 50 ಹರ್ಟ್ಸ್ ಲೈನಿನಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅಂದರೆ ನಿಮಿಷಕ್ಕೆ 6000 ಸಲ. ಒಂದು ಮಿನುಗಿನಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಗೆರೆ ಮುಂದೆ ಸರಿದರೆ ಗೆರೆ ನಿಂತಂತೆ ಕಾಣುತ್ತದೆ. 216 ಗೆರೆಯ ತಟ್ಟೆ ನಿಂತಂತೆ ಕಾಣಬೇಕಾದರೆ ನಿಮಿಷಕ್ಕೆ 6000 ಭಾಗ 216, ಅಂದರೆ 27.8 ಸುತ್ತು. ನಿಮ್ಮ ಪ್ಲಾಟರ್ ತಿರುಗುತ್ತಿರುವುದೂ ಅಷ್ಟೇ. ತಟ್ಟೆಯೂ 60 ಹರ್ಟ್ಸಿನದು, ಮೋಟಾರ್ ಶಾಫ್ಟಿನ ಮೇಲೆ ಕೂತು ಗಾಲಿಯನ್ನು ತಿರುಗಿಸುವ ಪುಲ್ಲಿಯೂ 60 ಹರ್ಟ್ಸಿನದು. ಅದಕ್ಕೇ ಎರಡೂ ಒಂದನ್ನೊಂದು ಸರಿ ಅನ್ನುತ್ತಿವೆ. 50 ಹರ್ಟ್ಸ್‌ಗೆ 33⅓ ನೋಡಲು 180 ಗೆರೆಯ ತಟ್ಟೆ ಬೇಕು. ಅದನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಬಹುದು, ಮಧ್ಯದ ತೂತು ಮಾತ್ರ ಕರಾರುವಾಕ್ಕಾಗಿರಲಿ. ಎಲ್‌ಇಡಿ ಬಲ್ಬಿನ ಕೆಳಗೆ ನೋಡಬೇಡಿ, ಬಹಳಷ್ಟು ಎಲ್‌ಇಡಿಗಳು ಈ ರೀತಿ ಮಿನುಗುವುದೇ ಇಲ್ಲ.

ನಿಮ್ಮ ಕಿವಿಗೂ ಒಂದು ಮಾತು. ಆರಕ್ಕೆ ಐದು ಅಂದರೆ ಶ್ರುತಿಯಲ್ಲಿ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ದೂರ, ಪೂರಾ ಮೂರು ಸ್ವರಸ್ಥಾನ. ಹೆಣ್ಣು ದನಿ ಗಂಡು ದನಿಯಂತೆ ಕೇಳುವುದಕ್ಕೆ ಅಷ್ಟು ಧಾರಾಳ ಸಾಕು. ಪಿಚ್ ಗುಂಡಿಯಿಂದ ಇದನ್ನು ಸರಿಮಾಡಲಾಗದು, ಅದರ ವ್ಯಾಪ್ತಿ ಸುಮಾರು 6 ಶೇಕಡಾ, ನಿಮಗೆ ಬೇಕಿರುವುದು 20. 45ಕ್ಕೆ ಹಾಕಿದರೆ 37.5 ಬರುತ್ತದೆ, ಅದೂ ಯಾವ ಉಪಯೋಗಕ್ಕೂ ಇಲ್ಲ.

ಬೇಕಾಗಿರುವುದು ಈ ಮಾಡೆಲಿನ 50 ಹರ್ಟ್ಸ್ ಪುಲ್ಲಿ. ಮೋಟಾರ್ ನಿಧಾನವಾದಷ್ಟೂ ಪುಲ್ಲಿ ದಪ್ಪಗಿರಬೇಕು, ಹಾಗಾಗಿ 60ರದ್ದಕ್ಕಿಂತ ಐದನೇ ಒಂದು ಭಾಗ ಹೆಚ್ಚು ವ್ಯಾಸ ಇರುತ್ತದೆ. ಈಗಿರುವ ಪುಲ್ಲಿಗೆ ಟೇಪು ಸುತ್ತುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ವೇಗಕ್ಕೊಂದರಂತೆ ಇರುವ ಅದರ ಮೆಟ್ಟಿಲುಗಳು ನೇರವಾಗಿಲ್ಲ, ಸ್ವಲ್ಪ ಓರೆ. ಗಾಲಿ ಆ ಓರೆಯ ಮೇಲೆ ಮೇಲೆ-ಕೆಳಗೆ ಜರುಗುವುದರಿಂದಲೇ ಪಿಚ್ ಬದಲಾಗುವುದು. ಟೇಪಿನ ಜೋಡಣೆ ಗಾಲಿಗೆ ತಗುಲಿದಾಗಲೆಲ್ಲ ಸ್ಪೀಕರಿನಲ್ಲಿ ಕೇಳುತ್ತದೆ.

ಹಳೆ ಪುಲ್ಲಿ ತೆಗೆಯುವ ಮುಂಚೆ ಅದು ಎಷ್ಟು ಎತ್ತರದಲ್ಲಿ ಕೂತಿದೆ ಅಂತ ಅಳೆದು, ಫೋಟೋ ತೆಗೆದಿಡಿ. ಬದಿಯ ಸ್ಕ್ರೂ ಸಡಿಲಿಸಿ ನೇರ ಮೇಲಕ್ಕೆ ಎತ್ತಿ, ಮೀಟಬೇಡಿ, ಶಾಫ್ಟ್ ಬಾಗಿದರೆ ಆಮೇಲೆ ಏನು ಮಾಡಿದರೂ ಸ್ಪೀಕರಿನಲ್ಲಿ ಗುಡುಗಿನಂಥ ಸದ್ದು ಹೋಗದು. ಹೊಸದನ್ನು ಕೂರಿಸಿದ ಮೇಲೆ ಮೂರೂ ವೇಗಕ್ಕೆ ಗಾಲಿ ಆಯಾ ಮೆಟ್ಟಿಲಿನ ಮಧ್ಯಕ್ಕೇ ಬರುತ್ತಿದೆಯೇ ನೋಡಿ. ಬರದಿದ್ದರೆ ಎತ್ತರ ಸರಿಯಿಲ್ಲ.

ಪ್ಲಾಟರ್ ಎತ್ತುವಾಗ ನಡುವಿನ ಸ್ಪ್ರಿಂಗ್ ರಿಂಗ್ ಹಾರಿಹೋಗದಂತೆ ಬೆರಳಿಟ್ಟುಕೊಳ್ಳಿ. ಪ್ಲಾಟರ್ ಸುಮಾರು 3 ಕಿಲೋ ತೂಕ, ಎರಡೂ ಕೈ ಹಾಕಿ.

ಇನ್ನು ವೋಲ್ಟೇಜ್. 60 ಹರ್ಟ್ಸಿಗೆ ಮಾಡಿದ 110 ವೋಲ್ಟ್ ಜೋಡಣೆಯನ್ನು 50 ಹರ್ಟ್ಸಿನಲ್ಲಿ ಓಡಿಸಿದಾಗ ಮೋಟಾರ್ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಸ್ವಲ್ಪ ಗುಂಯ್ ಅನ್ನುವುದೂ ಉಂಟು. ಮೋಟಾರಿನ ಮೇಲಿನ ಫಲಕ ಓದಿ. ಎರಡು ಕಾಯಿಲ್ ಇದ್ದು 220ಕ್ಕೆ ಬದಲಾಯಿಸುವ ಅನುಕೂಲ ಇದ್ದರೆ ಸರ್ವೀಸ್ ಮ್ಯಾನುಯಲ್‌ನ ಚಿತ್ರದಂತೆ ಬದಲಾಯಿಸಿಕೊಳ್ಳಬಹುದು, ಟ್ರಾನ್ಸ್‌ಫಾರ್ಮರ್ ತಪ್ಪುತ್ತದೆ. ಆದರೆ ಒಂದು ವಿಷಯ ಮರೆಯಬೇಡಿ: ಪವರ್ ಸ್ವಿಚ್ಚಿಗೆ ಅಡ್ಡಲಾಗಿ ಕಿಡಿ ತಡೆಯುವ ಸಣ್ಣ ಕೆಪಾಸಿಟರ್ ಇರುತ್ತದೆ. ಅಮೆರಿಕದ ಯಂತ್ರದಲ್ಲಿ ಅದು 220 ತಡೆಯುವಂಥದ್ದು ಆಗಿರಬೇಕೆಂದಿಲ್ಲ, ವಯಸ್ಸೂ ಆಗಿದೆ. ಅದೇ ಮೌಲ್ಯದ, ಎಕ್ಸ್2 ಎಂದು ಗುರುತಿರುವ, 275 ವೋಲ್ಟ್ ಎಸಿಯ ಹೊಸದನ್ನು ಹಾಕಿದ ಮೇಲಷ್ಟೇ 220 ಕೊಡಿ. ವೈರಿಂಗ್ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕ ಕೂರಿಸಿಕೊಳ್ಳಿ. ಪ್ಲಗ್ ಕಿತ್ತ ಮೇಲಷ್ಟೇ ಕೈ ಹಾಕಿ.

ಬೆಲ್ಟ್‌ಡ್ರೈವ್:

ಲೆಕ್ಕ ಒಪ್ಪಿದೆ. ಆದರೂ ಎಣ್ಣೆ ಬೇಡವೇ? ಇಷ್ಟು ವರ್ಷ ಒಣಗಿದ ಬೇರಿಂಗ್ ಹಾಗೇ ಓಡಿಸುವುದು ಸರಿಯೇ?

ಐಡ್ಲರ್‌ಹಳಬ:

ಬೇಕು, ಖಂಡಿತ ಬೇಕು. ನನ್ನ ತಕರಾರು ಎಣ್ಣೆಯ ಮೇಲಲ್ಲ, ಅದನ್ನೇ ಕಾರಣ ಅಂದುಕೊಳ್ಳುವುದರ ಮೇಲೆ. ಎಣ್ಣೆ ಅಂಟಾಗಿದ್ದರೆ ಶುರುವಿನಲ್ಲಿ ನಿಧಾನ, ಬಿಸಿಯಾದಂತೆ ವೇಗ ಏರುತ್ತದೆ. ಗಾಲಿ ಜಾರುತ್ತಿದ್ದರೆ ಸಂಖ್ಯೆ ಒಂದೊಂದು ಸಲ ಒಂದೊಂದು. ಇವರದ್ದು ಎರಡು ಸಲವೂ 83.

ಮೋಟಾರಿನ ಎರಡೂ ಕಡೆ ಶಾಫ್ಟ್ ತಿರುಗುವ ಬುಶ್ ಸಾಮಾನ್ಯವಾಗಿ ಪುಡಿ ಕಂಚನ್ನು ಒತ್ತಿ ಮಾಡಿದ್ದು, ಮೈತುಂಬ ಸೂಕ್ಷ್ಮ ರಂಧ್ರ, ಅದರೊಳಗೆ ಎಣ್ಣೆ ಹಿಡಿದಿಟ್ಟುಕೊಂಡಿರುತ್ತದೆ. ಮೇಲೆ ಒಂದು ಹನಿ ಬಿಟ್ಟರೆ ಒಳಗೆ ಇಳಿಯಲು ಸಮಯ ಬೇಕು. ಬಿಚ್ಚುವ ಧೈರ್ಯವಿದ್ದರೆ ಬುಶ್ಶನ್ನು ಬೆಚ್ಚಗಿನ ಎಣ್ಣೆಯಲ್ಲಿ ಮುಳುಗಿಸಿಟ್ಟು, ಗುಳ್ಳೆ ಬರುವುದು ನಿಂತ ಮೇಲೆ ತಣ್ಣಗಾಗಲು ಬಿಡಿ. ಪ್ಲಾಟರಿನ ಬೇರಿಂಗ್‌ಗೆ ಡಿಟರ್ಜೆಂಟ್ ಸೇರಿಸದ ಎಸ್‌ಎಇ 20 ಅಥವಾ 30 ದರ್ಜೆಯ ಎಣ್ಣೆ. ಡಬ್ಲ್ಯುಡಿ-40 ಯಾವ ಬೇರಿಂಗ್‌ಗೂ ಬೇಡ, ಅದು ಇದ್ದ ಎಣ್ಣೆಯನ್ನೂ ತೊಳೆದುಕೊಂಡು ಹೋಗಿ ಕೊನೆಗೆ ಒಣಗುತ್ತದೆ. ಸಸ್ಯಜನ್ಯ ಎಣ್ಣೆಗಳು ಕೆಲವೇ ತಿಂಗಳಲ್ಲಿ ಅಂಟಾಗುತ್ತವೆ. ಟೋನ್‌ಆರ್ಮಿನ (ಮುಳ್ಳಿನ ತೋಳಿನ) ಬೇರಿಂಗ್‌ಗಳಿಗೆ ಒಂದು ತೊಟ್ಟೂ ಬಿಡಕೂಡದು.

ರಬ್ಬರ್ ಗಾಲಿಯನ್ನು ತರಿಸುವ ಅವಸರ ಬೇಡ. ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಗಾಲಿಯ ಅಂಚು, ಪುಲ್ಲಿ, ಪ್ಲಾಟರಿನ ಒಳ ಅಂಚು, ಮೂರನ್ನೂ ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಒರೆಸಿ. ಆಮೇಲೆ ಆ ಜಾಗ ಬೆರಳಿಂದ ಮುಟ್ಟಬೇಡಿ. ಗಾಲಿ ಒಂದೇ ಕಡೆ ಒತ್ತಿಕೊಂಡು ವರ್ಷಗಟ್ಟಲೆ ನಿಂತಿದ್ದರೆ ಅಲ್ಲಿ ತಗ್ಗು ಬಿದ್ದಿರುತ್ತದೆ, ಆಗ ಟಕಟಕ ಅಂತ ಬೇಗ ಬೇಗ ಕೇಳುತ್ತದೆ, ಏಕೆಂದರೆ ಪ್ಲಾಟರ್ ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಹಲವು ಸುತ್ತು ಬಂದಿರುತ್ತದೆ. ಸುತ್ತಿಗೊಮ್ಮೆ ಮಾತ್ರ ದನಿ ಅಲುಗಿದರೆ ಗಾಲಿಯ ತಪ್ಪಲ್ಲ, ರೆಕಾರ್ಡಿನ ತೂತು ಆಚೀಚೆ ಆಗಿದೆಯೇ ನೋಡಬೇಕು.

ಸಣ್ಣಸ್ಕ್ರೂ ಬರೆದದ್ದು:

ವೇಗದ ಮಾತು ಮುಗಿಯಿತು, ತೋಳಿನ ಮಾತು ನಾನು ಹೇಳುತ್ತೇನೆ. ತೋಳು ಏಳುತ್ತದೆ, ಸರಿಯುವುದಿಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಸ್ಟಾಯರ್‌ಪಿಂಪೆಲ್ ಅಂತ ಕರೆಯುವ ಒಂದು ಚಿಕ್ಕ ರಬ್ಬರ್ ಟೊಪ್ಪಿಗೆ. ಟೋನ್‌ಆರ್ಮ್ ಬುಡದ ಕೆಳಗೆ, ಮುಖ್ಯ ಲಿವರಿನ ಒಂದು ಸಣ್ಣ ಗೂಟದ ತಲೆಗೆ ಅದು ಕೂತಿರುತ್ತದೆ. ಲಿವರ್ ಎದ್ದಾಗ ಆ ಟೊಪ್ಪಿಗೆ ತೋಳಿನ ತಳದ ಲೋಹದ ತುಂಡಿಗೆ ಒತ್ತಿಕೊಂಡು, ಬರೀ ಘರ್ಷಣೆಯಿಂದ ತೋಳನ್ನು ಎಳೆದುಕೊಂಡು ಹೋಗುತ್ತದೆ. ವಯಸ್ಸಾದ ರಬ್ಬರ್ ಪುಡಿಯಾಗಿ ಉದುರಿಹೋಗಿರುತ್ತದೆ, ಲೋಹಕ್ಕೆ ಲೋಹ ಜಾರುತ್ತದೆ.

ಸರಿ ಅಳತೆಯ ಹೊಸದು ಸಿಗುತ್ತದೆ. ಸಿಗದಿದ್ದರೆ ಮೆತ್ತನೆಯ ಸಿಲಿಕೋನ್ ವೈರಿನ ಹೊದಿಕೆಯನ್ನು ಸುಮಾರು ನಾಲ್ಕು ಮಿಲಿಮೀಟರ್ ಕತ್ತರಿಸಿ ಇಕ್ಕಳದಿಂದ ಹಾಕಿ. ಉದ್ದವಾದರೆ ತೋಳು ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಜಾರುತ್ತದೆ. ಸವರಿ ಸವರಿ ನೋಡಬೇಕು. ಅದು ತಗಲುವ ಲೋಹದ ಮೇಲೆ ಎಣ್ಣೆಯ ಪಸೆ ಇರಬಾರದು, ಆಲ್ಕೋಹಾಲಿನಿಂದ ಒರೆಸಿ. ಹಾಡು ಮುಗಿದಾಗ ತೋಳನ್ನು ವಾಪಸು ಕಳಿಸುವ ಟ್ರಿಪ್ ಪಾಲ್‌ಗೂ ಗ್ರೀಸ್ ಮುಟ್ಟಿಸಬೇಡಿ. ಅದು ಒಣಗಿದ್ದು, ಉಸಿರಿಗೆ ಅಲುಗುವಷ್ಟು ಹಗುರವಾಗಿ ಆಡಬೇಕು. ದೊಡ್ಡ ಹಲ್ಲಿನ ಚಕ್ರದ ತೋಡಿನಲ್ಲಿ ಮೇಣದಂತಾದ ಹಳೆ ಗ್ರೀಸ್ ಇದ್ದರೆ ಪೂರಾ ಕೆರೆದು, ಹೊಸದನ್ನು ತೆಳ್ಳಗೆ ಸವರಿ.

ಎಡ ಚಾನೆಲ್‌ಗೆ ಎರಡು ಜಾಗ ನೋಡಿ. ಕಾರ್ಟ್ರಿಜ್ (ಮುಳ್ಳು ಸಿಕ್ಕಿಸುವ ಡಬ್ಬಿ) ಕೂರುವ ಜಾರುಪಟ್ಟಿಯ ನಾಲ್ಕು ಚುಕ್ಕೆಗಳು, ಹೆಡ್‌ಶೆಲ್ಲಿನ (ತೋಳಿನ ತುದಿಯ ತಲೆಯ) ಒಳಗೆ ಅವಕ್ಕೆ ತಗಲುವ ತುದಿಗಳು. ಅವು ಶುದ್ಧವಾದರೂ ಸರಿಯಾಗದಿದ್ದರೆ ಯಂತ್ರದಡಿ ಮ್ಯೂಟಿಂಗ್ ಸ್ವಿಚ್ ಇದೆ, ತೋಳು ಚಲಿಸುವಾಗ ಸದ್ದು ಬರದಂತೆ ಸಿಗ್ನಲನ್ನು ಶಾರ್ಟ್ ಮಾಡುವುದು. ಅದರ ಪಟ್ಟಿ ಪೂರಾ ಬಿಡದೆ ಉಳಿದರೆ ಒಂದು ಚಾನೆಲ್ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ ಕಾಗದದ ಚೂರು ಎಳೆದರೆ ಸಾಕು, ಉಪ್ಪುಕಾಗದ ಹಚ್ಚಬೇಡಿ.

ಹೊಸಮುಳ್ಳು:

ಎಲ್ಲರಿಗೂ ತುಂಬು ಧನ್ಯವಾದ. 50 ಹರ್ಟ್ಸ್ ಪುಲ್ಲಿ ತರಿಸಿ ಕೂರಿಸಿದೆ. 180 ಗೆರೆಯ ತಟ್ಟೆ ನಿಂತಿತು, ಮೂರು ನಿಮಿಷಕ್ಕೆ ಸರಿಯಾಗಿ 100. ಟೊಪ್ಪಿಗೆಯ ಜಾಗದಲ್ಲಿ ಬರೀ ಕಂದು ಪುಡಿ ಇತ್ತು, ವೈರಿನ ಹೊದಿಕೆ ಹಾಕಿದೆ, ತೋಳು ತಾನೇ ಹೋಗಿ ಇಳಿಯುತ್ತದೆ. ಎಡ ಚಾನೆಲ್ ತೊಂದರೆ ಇದ್ದದ್ದು ಮ್ಯೂಟಿಂಗ್ ಸ್ವಿಚ್ಚಿನಲ್ಲೇ. 220ಕ್ಕೆ ಬದಲಾಯಿಸುವುದನ್ನು ಸದ್ಯ ಬಿಟ್ಟಿದ್ದೇನೆ, ಕೆಪಾಸಿಟರ್ ಸಿಕ್ಕ ಮೇಲೆ ನೋಡುತ್ತೇನೆ.

ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಕೆಲವು 78ರ ಪ್ಲೇಟುಗಳೂ ಇವೆ. ಯಂತ್ರದಲ್ಲಿ 78 ಇದೆಯಲ್ಲ, ಇದೇ ಮುಳ್ಳಿನಲ್ಲಿ ಹಾಕಬಹುದೇ?

ಐಡ್ಲರ್‌ಹಳಬ:

ಬೇಡ. ಎಲ್‌ಪಿ (33ರ ರೆಕಾರ್ಡ್) ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರ ಪ್ಲೇಟಿನ ತೋಡು ಅದಕ್ಕಿಂತ ಎಷ್ಟೋ ಅಗಲ, ಸುಮಾರು 65ರಿಂದ 75 ಮೈಕ್ರಾನಿನ ಮುಳ್ಳು ಬೇಕು. ಎಲ್‌ಪಿ ಮುಳ್ಳು ತೋಡಿನ ಗೋಡೆಗಳಿಗೆ ತಾಗದೆ ತಳದ ಕಸದಲ್ಲಿ ಉರುಳುತ್ತದೆ, ಸದ್ದು ಬರೀ ಸರಬರ, ಮುಳ್ಳೂ ಬೇಗ ಸವೆಯುತ್ತದೆ. ನಿಮ್ಮ ಕಾರ್ಟ್ರಿಜ್‌ಗೆ 78ರ ಮುಳ್ಳು ಬೇರೆಯಾಗಿ ಸಿಗುತ್ತದೆಯೇ ನೋಡಿ. ಅದಕ್ಕೆ ಒತ್ತಡವೂ ಹೆಚ್ಚು ಬೇಕಾಗುತ್ತದೆ, ಮುಳ್ಳಿನ ಜೊತೆ ಬರುವ ಚೀಟಿಯಲ್ಲಿ ಬರೆದಿರುತ್ತದೆ. ಒತ್ತಡದ ಗುಂಡಿ ಸೊನ್ನೆಗಿಟ್ಟು, ತೋಳು ಗಾಳಿಯಲ್ಲಿ ಮಟ್ಟಸವಾಗಿ ತೇಲುವ ಹಾಗೆ ಹಿಂದಿನ ತೂಕ ಸರಿಮಾಡಿದ ಮೇಲೆ ಗ್ರಾಂ ಹಾಕಿ. ಮತ್ತೆ ಅರಗಿನ 78ರ ಪ್ಲೇಟುಗಳನ್ನು ಆಲ್ಕೋಹಾಲಿನಿಂದ ಒರೆಸಬೇಡಿ, ಅರಗು ಕರಗುತ್ತದೆ. ಗಾಲಿಗೆ ಹಾಕಿದ ಬಟ್ಟೆ ಆ ಪೆಟ್ಟಿಗೆಯ ಹತ್ತಿರವೂ ಹೋಗದಿರಲಿ.