ಸಹಾಯ ಬೇಕು: ಬೇಸಿಗೆಯಲ್ಲೂ ಎಳ್ಳೆಣ್ಣೆ ಹಚ್ಚಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ಸೇರುವಾಗ ರಾತ್ರಿ 9.30 ಆಗುತ್ತದೆ.

ಚಳಿಗಾಲದಲ್ಲಿ ಮೈ ಒಣಗಿ, ಮಂಡಿ ಹಿಡಿದುಕೊಂಡು, ನಿದ್ದೆಯೇ ಬರುತ್ತಿರಲಿಲ್ಲ. ಇದೆಲ್ಲ ವಾತ ಜಾಸ್ತಿಯಾದ ಲಕ್ಷಣ ಅಂತ ನಮ್ಮತ್ತೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಕೊಟ್ಟರು. ಭಾನುವಾರ ಪೂರ್ತಿ ಮೈಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಕಡಲೆಹಿಟ್ಟು ಹಾಕಿ ಬಿಸಿನೀರಿನ ಸ್ನಾನ. ಉಳಿದ ದಿನ ತಲೆ, ಕಿವಿ, ಪಾದಕ್ಕೆ ಮಾತ್ರ. ಆಯುರ್ವೇದದಲ್ಲಿ ಈ ಮೂರಕ್ಕೆ ಮುಖ್ಯವಾಗಿ ಹಚ್ಚಿ ಅಂತಲೇ ಹೇಳಿದೆ. ಪಾದಕ್ಕೆ ಎಣ್ಣೆ ತಿಕ್ಕಿ ಮಲಗಿದ ರಾತ್ರಿ ಎಷ್ಟೋ ತಿಂಗಳ ಮೇಲೆ ಒಂದೇ ನಿದ್ದೆ ಬಂತು. ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಈಗ ನಮ್ಮೂರಿನ ಬಿಸಿಲು ಗೊತ್ತಲ್ವಾ? ಅಂಗೈ ಉರಿ, ಬಾಯಲ್ಲಿ ಹುಣ್ಣು. ಎಳ್ಳೆಣ್ಣೆ ಉಷ್ಣ, ಪಿತ್ತ ಕೆರಳಿಸುತ್ತದೆ, ಕೊಬ್ಬರಿ ಎಣ್ಣೆಗೆ ಬದಲಾಯಿಸು ಅಂತ ಅಕ್ಕ ಹೇಳುತ್ತಾಳೆ. ಆದರೆ ಮಂಡಿ ನೋವು ಮತ್ತೆ ಬಂದರೆ ಅಂತ ಭಯ. ಎರಡನ್ನೂ ಬೆರೆಸಿ ಹಚ್ಚಿದವರು ಇದ್ದೀರಾ?

ಇನ್ನೊಂದು, ರಾತ್ರಿ ಊಟ. 10 ಗಂಟೆಗೆ ಮುದ್ದೆ ಉಂಡರೆ ಬೆಳಿಗ್ಗೆ ಹೊಟ್ಟೆ ಭಾರ. ಸಂಜೆ ಅಂಗಡಿಯಲ್ಲೇ ಊಟ ಮುಗಿಸಿ, ಮನೆಗೆ ಬಂದ ಮೇಲೆ ಹೆಸರುಬೇಳೆ ಗಂಜಿ ಕುಡಿದರೆ ಸಾಕಾಗುತ್ತದಾ? ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಈಗಾಗಲೇ ಬಿಟ್ಟಿದ್ದೇನೆ.

ಬಿಪಿ ಮಾತ್ರೆ ತಗೊಳ್ತೀನಿ. ಅದನ್ನು ನಿಲ್ಲಿಸಲ್ಲ. ಹಾಗಾಗಿ ದಯವಿಟ್ಟು ಚೂರ್ಣ, ಕಷಾಯದ ಹೆಸರು ಕಳಿಸಬೇಡಿ. ಭಾನುವಾರ ಸಿಗುವ, ಸಮಾಧಾನವಾಗಿ ನಾಡಿ ನೋಡಿ ಮಾತಾಡುವ ಬಿಎಎಂಎಸ್ (ಆಯುರ್ವೇದ ಓದಿದ) ಡಾಕ್ಟರ್ ದಾವಣಗೆರೆಯಲ್ಲಿ ಗೊತ್ತಿದ್ದರೆ ತಿಳಿಸಿ.